ಗಣೇಶನ ಹಬ್ಬದ ಆಟೋಟದಲ್ಲಿ ನೀರಿನ ಪಾಠ: ಏನು ಆಡಿಸಬೇಕು, ಅಂಕ ಯಾವುದಕ್ಕೆ ಕೊಡಬೇಕು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಊರ ಪಕ್ಕದಲ್ಲೇ ಕೆರೆ, ಅದರಾಚೆ ನಾಲೆ, ಹೊಲಗಳಲ್ಲಿ ಏಳೆಂಟು ಕೃಷಿ ಹೊಂಡ ಇವೆ. ಗಣೇಶನ ಹಬ್ಬಕ್ಕೆ ನಮ್ಮ ಯುವಕರ ಸಂಘ ಪ್ರತಿವರ್ಷ ಮಕ್ಕಳಿಗೆ ಆಟೋಟ ಇಡುತ್ತದೆ, ಸುಮಾರು 90 ಮಕ್ಕಳು ಸೇರುತ್ತಾರೆ. ಈ ಸಲ ಗೋಣಿಚೀಲದ ಓಟ, ನಿಂಬೆಹಣ್ಣು-ಚಮಚದ ಜತೆಗೆ ನೀರಿನ ಸುರಕ್ಷತೆ ಕಲಿಸುವ ಆಟಗಳನ್ನೂ ಆಡಿಸಬೇಕೆಂದಿದ್ದೇವೆ. ಈಜುಕೊಳ ಇಲ್ಲ, ಹೆಚ್ಚು ದುಡ್ಡೂ ಇಲ್ಲ. ಕೆರೆಯಲ್ಲೇ ಚಿಕ್ಕದೊಂದು ಈಜು ಸ್ಪರ್ಧೆ ಇಡೋಣ ಎನ್ನುವವರೂ ಇದ್ದಾರೆ. ಅವತ್ತು ಸಂಜೆ ಅದೇ ಕೆರೆಯಲ್ಲಿ ವಿಸರ್ಜನೆ. ಹೇಗೆ ಮಾಡಿದರೆ ಒಳ್ಳೆಯದು?

ಉತ್ತರ: ಈಜು ಸ್ಪರ್ಧೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಬೇಡ. ಬೇಸಿಗೆಯಲ್ಲಿ ಜೆಸಿಬಿ ಇಟ್ಟು ಹೂಳೆತ್ತಿದ ಕಡೆ, ಇಟ್ಟಿಗೆಗೆ ಮಣ್ಣು ತೆಗೆದ ಕಡೆ ಕೆರೆಯ ತಳದಲ್ಲಿ ಆಳುದ್ದದ ಗುಂಡಿಗಳು ಬಿದ್ದಿರುತ್ತವೆ. ಮಳೆ ಬಂದು ನೀರು ತುಂಬಿದ ಮೇಲೆ ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಸಮ. ಮೊಳಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೇ ಕಾಣದಾಗುವುದು ಹೀಗೆ. ಸ್ಪರ್ಧಿಗಳೆಲ್ಲ ಸುಖವಾಗಿ ದಡ ಸೇರಿದರೂ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದ ಈಜು ಬಾರದ ಮಕ್ಕಳು ಮರುದಿನ ಯಾರಿಗೂ ಹೇಳದೆ ಇಳಿಯುತ್ತಾರೆ. ಈಜು ಕಲಿಯಬೇಕಾದದ್ದು ನಿಜ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಅದು ಗೊತ್ತಿದ್ದವರು ಪಕ್ಕದಲ್ಲಿದ್ದು ವಾರಗಟ್ಟಲೆ ಕಲಿಸುವ ವಿದ್ಯೆ, ಒಂದು ಮಧ್ಯಾಹ್ನಕ್ಕೆ ಬರುವುದಲ್ಲ.

ಒಂದು ಮಧ್ಯಾಹ್ನದಲ್ಲಿ ಮಕ್ಕಳ ಮೈಗೆ ಹತ್ತಿಸಬಹುದಾದದ್ದು ಬೇರೆ ಇದೆ. ನೀರಿಗೆ ಬಿದ್ದವರನ್ನು ಕಂಡಾಗ ಕಾಲು ದಡದಲ್ಲೇ ನಿಲ್ಲಬೇಕು, ಕೈ ಮಾತ್ರ ಓಡಬೇಕು. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತೋರಿಸುತ್ತವೆ. ಪತ್ರಿಕೆಯಲ್ಲಿ ಬರುವ ಸುದ್ದಿಗಳನ್ನು ನೆನಪಿಸಿಕೊಳ್ಳಿ. ಒಬ್ಬ ಜಾರಿದ, ಅವನನ್ನು ಹಿಡಿಯಲು ಅಣ್ಣ ಇಳಿದ, ಇಬ್ಬರನ್ನೂ ಎಳೆಯಲು ಅಮ್ಮ ಇಳಿದಳು. ಎರಡನೆಯ, ಮೂರನೆಯ ಸಾವನ್ನು ತಪ್ಪಿಸಲು ಈಜು ಬರಬೇಕಾಗಿಲ್ಲ.

ಇನ್ನು ಆಟಗಳಿಗೆ ಬರೋಣ. ಯಾವುದಕ್ಕೆ ಅಂಕ ಕೊಡುತ್ತೀರೋ ಮಗು ಅದನ್ನೇ ಕಲಿಯುತ್ತದೆ, ನೀವು ಮೈಕಿನಲ್ಲಿ ಹೇಳಿದ್ದನ್ನಲ್ಲ. ‘ಮುಳುಗುತ್ತಿರುವ ಗೊಂಬೆಯನ್ನು ಯಾರು ಬೇಗ ತರುತ್ತಾರೆ’ ಎಂಬ ಓಟವನ್ನು ಸುರಕ್ಷತೆಯ ಹೆಸರಿನಲ್ಲಿ ಆಡಿಸುವುದುಂಟು. ಅದು ಕಲಿಸುವುದು ನೀರಿನ ಕಡೆಗೆ ಓಡುವುದನ್ನೇ.

ನಮ್ಮ ಕೆರೆ-ದಡ ಆಟವನ್ನೇ ನೋಡಿ. ನೆಲಕ್ಕೆ ಸುಣ್ಣದ ಗೆರೆ, ‘ಕೆರೆ’ ಎಂದರೆ ಒಳಗೆ ಹಾರು, ‘ದಡ’ ಎಂದರೆ ಹೊರಗೆ ಹಾರು, ತಪ್ಪಿದವರು ಔಟ್. ಚೆಂದದ ಆಟ, ಆದರೆ ಕೂಗಿದ ಕೂಡಲೇ ಯೋಚಿಸದೆ ಕೆರೆಗೆ ಹಾರುವವನೇ ಇದರಲ್ಲಿ ಗೆಲ್ಲುತ್ತಾನೆ. ಇದಕ್ಕೆ ಒಂದೇ ಒಂದು ನಿಯಮ ಸೇರಿಸಿ. ‘ಕೆರೆ’ ಎಂದು ಕೂಗಿದಾಗ ಯಾರೂ ಹಾರುವಂತಿಲ್ಲ. ಎಲ್ಲರೂ ದಡದಲ್ಲೇ ನಿಂತು ‘ಯಾರವ್ರೆ?’ ಎಂದು ಕೇಳಬೇಕು. ಕೂಗುವವನು ‘ಅಪ್ಪ ಅವ್ರೆ’ ಎಂದರೆ ಹಾರಬಹುದು. ‘ಯಾರೂ ಇಲ್ಲ’, ‘ಎಮ್ಮೆ ಅವೆ’, ‘ನಿನ್ ಫ್ರೆಂಡು ಅವ್ನೆ’ ಎಂದರೆ ಅಲುಗಾಡುವಂತಿಲ್ಲ. ನಾಲ್ಕೈದು ಸುತ್ತಾದ ಮೇಲೆ ಬಲೆ ಬೀಸಿ: ‘ಚಪ್ಪಲಿ ತೇಲೋಯ್ತು!’, ‘ಬಾಲ್ ಬಿತ್ತು!’, ‘ತಾವರೆ ಹೂ!’ ಮಕ್ಕಳು ನೀರಿಗಿಳಿಯುವುದು ಹೆಚ್ಚಾಗಿ ಇಂಥವುಗಳ ಹಿಂದೆಯೇ. ಈ ಕೂಗಿಗೆ ಹಾರಿದವರು ಔಟ್. ಔಟ್ ಆದವರನ್ನು ಮೂಲೆಗೆ ಕೂರಿಸಬೇಡಿ. ಹಾರುವ ಚಟ ಇರುವವರೇ ಮೊದಲು ಔಟ್ ಆಗುತ್ತಾರೆ, ಹೆಚ್ಚು ಅಭ್ಯಾಸ ಬೇಕಾದವರೂ ಅವರೇ. ಅವರನ್ನು ಕೂಗುವ ಕಡೆಗೆ ಕರೆದುಕೊಳ್ಳಿ. ಬೇರೆಯವರನ್ನು ಬೀಳಿಸಲು ಹೊಸ ಹೊಸ ಆಮಿಷ ಹುಡುಕುವಾಗ ಅವರಿಗೂ ವಿಷಯ ತಲೆಗೆ ಹೋಗುತ್ತದೆ.

ಎರಡನೆಯದು ಕ್ಯಾನ್ ಎಸೆತ. ಇದಕ್ಕೆ ಹೆಚ್ಚು ತಯಾರಿ ಬೇಕು, ಹೆಚ್ಚು ಕೆಲಸಕ್ಕೆ ಬರುವುದೂ ಇದೇ. ಮನೆಗಳಿಂದ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್‌ಗಳನ್ನು ತರಿಸಿ, ಆರು ಸಾಕು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಕವರಿನ ತುಂಡಿಟ್ಟು ಬಿಗಿದು, ಒಂದು ರಾತ್ರಿ ಡ್ರಮ್ಮಿನ ನೀರಿನಲ್ಲಿ ಅದುಮಿಟ್ಟು ಸೋರುತ್ತದೆಯೇ ನೋಡಿ. ಗಾಳಿ ತುಂಬಿದ 5 ಲೀಟರ್ ಕ್ಯಾನ್ ನೀರಿನಲ್ಲಿ ಸುಮಾರು 5 ಕೆಜಿಯಷ್ಟು ಎತ್ತಿ ಹಿಡಿಯುತ್ತದೆ. ನೀರಿನಲ್ಲಿರುವ ಮನುಷ್ಯನ ಭಾರವನ್ನು ಬಹುಪಾಲು ನೀರೇ ಹೊರುವುದರಿಂದ, ಎದೆಗೆ ಅವಚಿಕೊಂಡವನ ಮುಖ ಮೇಲಿರಲು ಅಷ್ಟು ಸಾಕು. ಎಸೆಯುವ ಮುಂಚೆ ಒಳಗೆ ಅರ್ಧ ಲೀಟರ್ ನೀರಿರಲಿ. ಪೂರಾ ಖಾಲಿ ಕ್ಯಾನನ್ನು ಗಾಳಿ ಪಕ್ಕಕ್ಕೆ ಒಯ್ಯುತ್ತದೆ; ಒಂದು ಲೀಟರ್ ದಾಟಿದರೆ ತಲೆಗೆ ಬಿದ್ದಾಗ ಪೆಟ್ಟು.

ಹಗ್ಗದ ವಿಷಯದಲ್ಲಿ ಮೋಸ ಹೋಗಬೇಡಿ. ನಮ್ಮ ಕಡೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಹಗ್ಗ ಎಂದೇ ಹೆಸರು. ನಿಜವಾದ ನೈಲಾನ್ ನೀರಿನಲ್ಲಿ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಮುಳುಗುವ ಹಗ್ಗ ಕೈಗೆ ಸಿಗುವುದಿಲ್ಲ, ಕಾಲಿಗೆ ತೊಡರುತ್ತದೆ. ಅಂಗಡಿಯಲ್ಲೇ ಒಂದು ಲೋಟ ನೀರು ಕೇಳಿ, ಬೆರಳುದ್ದದ ತುಂಡು ಕತ್ತರಿಸಿ ಹಾಕಿ, ಬೆರಳಿನಿಂದ ಒಮ್ಮೆ ಅದುಮಿ ಬಿಡಿ. ತೇಲಿ ಮೇಲೆ ಬಂದರೆ ಮಾತ್ರ ತೂಕ ಹಾಕಿಸಿ. 8 ಮಿಲಿಮೀಟರ್ ದಪ್ಪದ್ದು ಮಕ್ಕಳ ಹಿಡಿತಕ್ಕೂ ಸಿಗುತ್ತದೆ. ಕ್ಯಾನಿಗೆ 15 ಮೀಟರ್‌ನಂತೆ ಆರಕ್ಕೆ 90 ಮೀಟರ್ ಬೇಕು, ತೂಕದಲ್ಲಿ ಮೂರು ಕೆಜಿಯೊಳಗೆ ಬರುತ್ತದೆ. ತುದಿಗಳನ್ನು ಬೆಂಕಿಕಡ್ಡಿಯಿಂದ ಕರಗಿಸಿ, ಇಲ್ಲದಿದ್ದರೆ ನಾರು ಬಿಚ್ಚಿಕೊಳ್ಳುತ್ತದೆ. ಒಂದು ತುದಿ ಕ್ಯಾನಿನ ಹಿಡಿಗೆ ಎರಡು ಸುತ್ತು ಬರುವಂತೆ ಗಂಟಾಗಲಿ, ಇನ್ನೊಂದು ತುದಿಗೆ ನಿಂಬೆಹಣ್ಣಿನ ಗಾತ್ರದ ಗಂಟು ಹಾಕಿ. ಕೈ ತೂರಿಸುವ ಕುಣಿಕೆ ಮಾಡಲೇಬೇಡಿ, ಮಣಿಕಟ್ಟಿಗೆ ಸುತ್ತಿಕೊಳ್ಳಲೂ ಬಿಡಬೇಡಿ. ಆ ಕಡೆಯವರು ಜಗ್ಗಿದರೆ ಈ ಕಡೆಯವರು ಹಗ್ಗ ಬಿಡಲಾಗದೆ ನೀರಿಗೆ ಬೀಳುತ್ತಾರೆ.

ಹಗ್ಗವನ್ನು ಮೊಣಕೈಗೆ ಸುತ್ತಿ ಸುರುಳಿ ಮಾಡುವುದು ನಮ್ಮೆಲ್ಲರ ಅಭ್ಯಾಸ. ಎಸೆದಾಗ ಸಿಕ್ಕಾಗುವುದೂ ಅದೇ ಸುರುಳಿ. ಸುತ್ತದೆ, ಗಂಟಿನ ತುದಿಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಒಂದು ಬಟ್ಟೆಚೀಲದೊಳಕ್ಕೆ ಹಿಡಿಹಿಡಿಯಾಗಿ ತುರುಕಿಬಿಡಿ. ನೋಡಲು ಗೋಜಲು, ಆದರೆ ಒಳಗೆ ಹೋದ ಕ್ರಮದಲ್ಲೇ ಹೊರಗೆ ಬರುತ್ತದೆ.

ಆಟ ಹೀಗೆ. ಒಂದು ಸುಣ್ಣದ ಗೆರೆ ದಡ. ಅಲ್ಲಿಂದ 6 ಮೀಟರ್ ಆಚೆ ಟ್ರ್ಯಾಕ್ಟರ್ ಟಯರ್ ಮಲಗಿಸಿ, ಅದೇ ಮುಳುಗುತ್ತಿರುವವನು. ಗುರಿಯ ಜಾಗದಲ್ಲಿ ಮಗುವನ್ನು ನಿಲ್ಲಿಸಬೇಡಿ. ಎಸೆಯುವ ಮಗು ಮೊದಲು ‘ಹಿಡ್ಕೋ!’ ಎಂದು ಕೂಗಬೇಕು, ಅದಕ್ಕೆ 2 ಅಂಕ. ಎಡಗೈಯಲ್ಲಿ ಹಗ್ಗದ ಗಂಟು ಹಿಡಿದು ಬಲಗೈಯಿಂದ ಕ್ಯಾನನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಕ್ಯಾನ್ ಟಯರಿನೊಳಗೇ ಬೀಳಬೇಕಾಗಿಲ್ಲ, ಅದನ್ನು ದಾಟಿ ಬಿದ್ದು ಹಗ್ಗ ಟಯರಿನ ಮೇಲೆ ಹಾದರೆ 4 ಅಂಕ, ಹತ್ತಿರ ಬಿದ್ದರೆ 2. ಬಿದ್ದವನ ಕೈಗೆ ಮೊದಲು ಸಿಗುವುದು ಹಗ್ಗ, ಆದ್ದರಿಂದ ಈ ಲೆಕ್ಕ. ಎಳೆಯುವ ಮುಂಚೆ ಕೂತು ಹಿಮ್ಮಡಿ ಊರಿದರೆ ಮತ್ತೆ 4. ಗೆರೆಯನ್ನು ಒಂದು ಬೆರಳು ದಾಟಿದರೂ ಪೂರಾ ಸೊನ್ನೆ. ಕಟುವಾಗಿ ಕಾಣಬಹುದು, ಆದರೆ ಇಲ್ಲಿ ‘ಪಾಪ, ಚಿಕ್ಕ ಹುಡುಗಿ’ ಎಂದು ರಿಯಾಯಿತಿ ಕೊಟ್ಟರೆ ಆಟವೇ ವ್ಯರ್ಥ. ಪ್ರತಿಯೊಬ್ಬರಿಗೂ ಎರಡೆರಡು ಎಸೆತ ಸಿಗಲಿ. ಎರಡನೆಯ ಎಸೆತಕ್ಕೆ ಹಗ್ಗ ಚೀಲಕ್ಕೆ ತುಂಬಲು ಬಿಡದೆ, ಎಳೆದು ಪಕ್ಕಕ್ಕೆ ಗುಡ್ಡೆ ಹಾಕಿ ತಕ್ಷಣ ಎಸೆಯಲು ಹೇಳಿ. ನಿಜವಾದ ಸಂದರ್ಭದಲ್ಲಿ ಮೊದಲ ಎಸೆತ ತಪ್ಪಿದರೆ ಅಷ್ಟೇ ಸಮಯ ಇರುವುದು. ಗುಡ್ಡೆಯೊಳಗೆ ಕಾಲಿಟ್ಟು ನಿಲ್ಲದಂತೆ ನೋಡಿಕೊಳ್ಳಿ.

ಮೂರನೆಯದು ಗಳ ಚಾಚುವ ಆಟ. ಬಿದಿರು ಗಳ, ಟವೆಲ್, ಹಳೆ ಸೀರೆ ಬೇಕು. ಆಟಕ್ಕಿಂತ ಮುಂಚೆ ಒಂದು ಪ್ರದರ್ಶನ ಮಾಡಿ. ನಿಮ್ಮ ಸಂಘದ ದಪ್ಪನೆಯ ಒಬ್ಬರನ್ನು ಗೆರೆಯ ಹತ್ತಿರ ನಿಲ್ಲಿಸಿ, ಕೈಗೆ ಟವೆಲಿನ ಒಂದು ತುದಿ ಕೊಡಿ. ಇನ್ನೊಂದು ತುದಿ ಐದನೇ ಕ್ಲಾಸಿನ ಹುಡುಗಿಗೆ. ಆತ ಬಗ್ಗಿ ಕೈ ಚಾಚಿದ ಗಳಿಗೆಯಲ್ಲಿ ಅವಳು ಒಮ್ಮೆಗೇ ಜಗ್ಗಲಿ. ಎಪ್ಪತ್ತು-ಎಂಬತ್ತು ಕೆಜಿಯ ಆಸಾಮಿ ಗೆರೆ ದಾಟಿ ಮುಂದಕ್ಕೆ ಮುಗ್ಗರಿಸುತ್ತಾನೆ, ಊರೆಲ್ಲ ನಗುತ್ತದೆ. ಈಗ ಅದೇ ವ್ಯಕ್ತಿ ಬೋರಲು ಮಲಗಿ, ಕಾಲು ಅಗಲಿಸಿ ಟವೆಲ್ ಚಾಚಲಿ. ಇಬ್ಬರು ಮಕ್ಕಳು ಸೇರಿ ಎಳೆದರೂ ಸುಲಭಕ್ಕೆ ಜರುಗುವುದಿಲ್ಲ. ಇದಾದ ಮೇಲೆ ಭಾಷಣ ಬೇಕಿಲ್ಲ, ಮಕ್ಕಳು ತಾವಾಗಿಯೇ ಮಲಗಿ ಗಳ ಚಾಚುತ್ತಾರೆ. ಸೀರೆಯನ್ನು ಬಿಡಬೇಡಿ. ಐದೂವರೆ ಮೀಟರಿನ ಸೀರೆ ಹಳ್ಳಿಯ ಕೆರೆಯ ಹತ್ತಿರ ಯಾವಾಗಲೂ ಇರುವ ಹಗ್ಗ. 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನ ಬಳಿ ಮೂವರು ಹೆಂಗಸರು ಸೀರೆ ಬಿಚ್ಚಿ ಎಸೆದು ಇಬ್ಬರು ಯುವಕರನ್ನು ಎಳೆದುಕೊಂಡರು. ತುದಿಗೆ ಗಂಟು ಹಾಕಿ ಒದ್ದೆ ಮಾಡಿಕೊಂಡರೆ ದೂರ ಹೋಗುತ್ತದೆ. ಹೆಣ್ಣುಮಕ್ಕಳಿಂದ ಇದನ್ನು ಎರಡು ಸಲ ಹೆಚ್ಚೇ ಮಾಡಿಸಿ, ಬಟ್ಟೆ ಒಗೆಯುವ ಜಾಗದಲ್ಲಿ ಹತ್ತಿರ ಇರುವವರು ಅವರೇ.

ಕೃಷಿ ಹೊಂಡಗಳಿವೆ ಎಂದಿದ್ದೀರಿ, ಅದಕ್ಕೆ ಟಾರ್ಪಾಲು ಆಟ. ಹೊಂಡದ ಅಪಾಯ ಅದರ ಮೂರು ಮೀಟರ್ ಆಳ ಮಾತ್ರವಲ್ಲ. ನೀರು ಇಂಗದಿರಲಿ ಎಂದು ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿ, ಈಜು ಬರುವವನಿಗೂ ಹತ್ತಿ ಬರಲು ಆಗುವುದಿಲ್ಲ. ಮಾತಿನಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ಮರ ಹತ್ತುವವರಿಗೆ ಇದೇನು ಮಹಾ! ಶಾಲೆಯ ಹತ್ತಿರ ನಾಲ್ಕೈದು ಅಡಿ ಎತ್ತರದ ಮಣ್ಣಿನ ದಿಬ್ಬ ಅಥವಾ ಬದು ಹುಡುಕಿ, ಟಾರ್ಪಾಲು ಹೊದಿಸಿ, ಮೇಲಿನ ಅಂಚಿಗೆ ನಾಲ್ಕು ಗೂಟ ಹೊಡೆದು ಕಟ್ಟಿ, ಬುಡದಲ್ಲಿ ಒಂದಡಿ ದಪ್ಪ ಹುಲ್ಲು ಹಾಸಿ. ಮೇಲೆ ಸೋಪಿನ ನೀರು ಸುರಿಯಿರಿ. ಕೆಳಗಿನಿಂದ ಬರಿಗೈಲಿ ಹತ್ತಲು ಪ್ರತಿ ಮಗುವಿಗೂ 20 ಸೆಕೆಂಡ್. ಎರಡು ಹೆಜ್ಜೆ ಏರುವುದು, ಜಾರುವುದು, ಉಗುರಿನಲ್ಲಿ ಕೆರೆಯುವುದು. ಆಮೇಲೆ ಗೂಟಕ್ಕೆ ಕಟ್ಟಿದ, ಅಡಿಗೊಂದು ಗಂಟಿರುವ ಹಗ್ಗ ಇಳಿಬಿಡಿ. ಹತ್ತೇ ಸೆಕೆಂಡಿನಲ್ಲಿ ಮೇಲಿರುತ್ತಾರೆ. ಇಲ್ಲಿ ಕೆಡುವುದು ಒಂದೇ: ಮಕ್ಕಳು ಇದನ್ನು ಜಾರುಬಂಡೆ ಮಾಡಿಕೊಂಡು ಮೇಲಿನಿಂದ ಜಾರಲು ಶುರು ಮಾಡುತ್ತಾರೆ. ಆಗ ಕಲಿಯುವುದು ನಮಗೆ ಬೇಕಾದದ್ದರ ತದ್ವಿರುದ್ಧ. ಮೇಲೆ ಒಬ್ಬ ದೊಡ್ಡವರು ಕೂತಿರಲಿ, ಮೇಲೆ ಬಂದವರು ಹಿಂದಿನಿಂದ ಇಳಿದು ಹೋಗಲಿ. ಹೊಂಡವಿರುವ ರೈತರನ್ನು ಈ ಆಟ ನೋಡಲು ತಪ್ಪದೆ ಕರೆಯಿರಿ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನದ ಅವಕಾಶವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಬೇಲಿ ಬರುವ ತನಕ ನಾಲ್ಕೂ ಬದಿಗೆ ಒಂದೊಂದು ಗಂಟಿನ ಹಗ್ಗ ಇಳಿಬಿಟ್ಟರೆ ಖರ್ಚು ಏನೂ ಅಲ್ಲ.

ಐದನೆಯ ಆಟಕ್ಕೆ ಒಂದು ಬೆಡ್‌ಶೀಟ್ ಸಾಕು. ಇಬ್ಬರು ಅಡ್ಡಲಾಗಿ ಹಿಡಿದುಕೊಳ್ಳಲಿ, ಅದೇ ನೀರಿನ ಮಟ್ಟ. ಹಿಂದೆ ಐದು ಮಕ್ಕಳು ಮಂಡಿಯೂರಿ, ಗಲ್ಲದಿಂದ ಮೇಲಷ್ಟೇ ಕಾಣುವಂತೆ ಇರಲಿ. ಐವರಿಗೂ ಗುಟ್ಟಾಗಿ ಚೀಟಿ. ಒಬ್ಬನಿಗೆ ‘ಕೈ ಬೀಸಿ ಕೂಗು’, ಇನ್ನೊಬ್ಬನಿಗೆ ‘ನಗು’, ಮತ್ತೊಬ್ಬನಿಗೆ ‘ಮುಳುಗಿ ಏಳು’, ನಾಲ್ಕನೆಯವಳಿಗೆ ‘ಪಕ್ಕದವರ ಜತೆ ಮಾತಾಡು’. ಐದನೆಯ ಚೀಟಿಯಲ್ಲಿ: ‘ಮಾತಾಡಬೇಡ. ತಲೆ ಹಿಂದಕ್ಕೆ ವಾಲಿಸು. ಬಾಯಿ ಬಟ್ಟೆಯ ಅಂಚಿನ ಮೇಲೆ ಕೆಳಗೆ ಹೋಗುತ್ತಿರಲಿ. ಕೈ ಮೇಲೆತ್ತಬೇಡ.’ ಎದುರಿಗೆ ಕೂತ ಹತ್ತು ಮಕ್ಕಳು 20 ಸೆಕೆಂಡಿನಲ್ಲಿ ಮುಳುಗುತ್ತಿರುವವರತ್ತ ಬೆರಳು ತೋರಿಸಬೇಕು. ಮೊದಲ ಸುತ್ತಿನಲ್ಲಿ ಹೆಚ್ಚಿನ ಬೆರಳುಗಳು ಕೂಗುವವನ ಕಡೆಗೇ ಹೋಗುತ್ತವೆ, ಸಿನಿಮಾ ಕಲಿಸಿರುವುದು ಅದನ್ನೇ. ನಿಜವಾಗಿ ಮುಳುಗುವವರಿಗೆ ಉಸಿರಿಗೇ ಬಾಯಿ ಸಾಲದು, ಕೂಗಲು ಎಲ್ಲಿಂದ ಬರಬೇಕು? ಎರಡು ಕೈಗಳೂ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿಲ್ಲ. ಹೀಗೆ 20ರಿಂದ 60 ಸೆಕೆಂಡ್, ಆಮೇಲೆ ಕಾಣಿಸುವುದಿಲ್ಲ. ಕೊನೆಯ ಸುತ್ತಿನಲ್ಲಿ, ಅನುಮಾನ ಬಂದರೆ ‘ಏಯ್, ಸರಿ ಇದ್ದೀಯಾ?’ ಎಂದು ಕೂಗಿ, ಉತ್ತರ ಬಾರದಿದ್ದರೆ ಕೂಡಲೇ ಕ್ಯಾನ್ ಎಸೆಯುವುದನ್ನು ಸೇರಿಸಿ.

ಆರನೆಯದನ್ನು ಬೇಗ ಹೇಳಿಬಿಡುತ್ತೇವೆ. ನೆಲದ ಮೇಲೆ ಆರು ಸಾಲು, ಸಾಲಿಗೆ ಆರು ಮನೆಗಳ ಚೌಕ ಬರೆಯಿರಿ. ಪ್ರತಿ ಸಾಲಿನಲ್ಲಿ ಒಂದು ಮನೆ ಗುಂಡಿ, ಅದು ತೀರ್ಪುಗಾರರ ಚೀಟಿಯಲ್ಲಿ ಮಾತ್ರ ಇರುತ್ತದೆ. ಒಂದೊಂದು ಸಾಲಿಗೆ ಒಂದೊಂದು ಹೆಜ್ಜೆಯಿಟ್ಟು ಆಚೆ ದಾಟಬೇಕು. ಬರೀ ಅದೃಷ್ಟದ ಮೇಲೆ ದಾಟುವವರು ಸುಮಾರು ಮೂವರಲ್ಲಿ ಒಬ್ಬರು. ಪ್ರತಿ ಮಗುವಿಗೂ ಚೀಟಿ ಬದಲಿಸಿ, ಮುಂದಿನವನ ದಾರಿಯಲ್ಲೇ ನಡೆದವನೂ ಬೀಳಲಿ. ಬಿದ್ದ ಮಗು ಪಕ್ಕದ ಮೇಜಿಗೆ ಹೋಗಿ ಆಟಿಕೆ ಫೋನಿನಲ್ಲಿ 112 ಒತ್ತಿ ಮಾತಾಡಬೇಕು: ಯಾವ ಊರು, ಯಾವ ತಾಲ್ಲೂಕು, ತೂಬಿನ ಹತ್ತಿರವೋ ಕೋಡಿಯ ಹತ್ತಿರವೋ, ಎಷ್ಟು ಜನ ನೀರಿನಲ್ಲಿದ್ದಾರೆ. ತಾಲ್ಲೂಕಿನ ಹೆಸರಿನಲ್ಲಿ ತಡವರಿಸುವ ಮಕ್ಕಳು ಬಹಳ.

90 ಮಕ್ಕಳನ್ನು 15ರ ಆರು ಗುಂಪು ಮಾಡಿ. ಒಂದು ಆಟಕ್ಕೆ 15 ನಿಮಿಷ, ಜಾಗ ಬದಲಿಸಲು 3 ನಿಮಿಷ, ಎಲ್ಲವೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಕ್ಯಾನ್ ಎಸೆತದಲ್ಲಿ ಐದೈದು ಮಕ್ಕಳ ಮೂರು ಸಾಲು, ಸಾಲಿಗೆ ಎರಡು ಕ್ಯಾನ್ ಇಡಿ. ಒಂದನ್ನು ಎಸೆಯುವಾಗ ಇನ್ನೊಂದರ ಹಗ್ಗ ಚೀಲಕ್ಕೆ ಹೋಗುತ್ತಿರಲಿ, ಇಲ್ಲದಿದ್ದರೆ ಸಮಯ ಸಾಲದು. ಆಟಕ್ಕೆ ಇಬ್ಬರು ದೊಡ್ಡವರಂತೆ 12 ಜನ ಬೇಕು, ಕೆಲಸವಿಲ್ಲದೆ ಓಡಾಡುತ್ತ ಮಕ್ಕಳನ್ನು ಎಣಿಸಲು ಇನ್ನಿಬ್ಬರು. ಜಾಗ ಶಾಲೆಯ ಮೈದಾನ. ‘ಕೆರೆ ಏರಿ ಮೇಲೆ ಮಾಡಿದರೆ ಪರಿಣಾಮ ಜಾಸ್ತಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಸಂಭ್ರಮದಲ್ಲಿರುವ 90 ಮಕ್ಕಳನ್ನು ನೀರಿನ ಅಂಚಿಗೆ ಕರೆದೊಯ್ಯುವಷ್ಟು ಅಪಾಯ ಇಡೀ ವರ್ಷದಲ್ಲಿ ಇನ್ನೊಂದಿಲ್ಲ.

ಆರು ವರ್ಷದೊಳಗಿನವರನ್ನು ಈ ಆಟಗಳಿಗೆ ಸೇರಿಸಬೇಡಿ. ಅವರ ಅಪಾಯ ಕೆರೆಯಲ್ಲಿ ಮಾತ್ರವಲ್ಲ, ಮನೆಯಲ್ಲೂ ಇದೆ: ಬಚ್ಚಲ ಬಕೆಟ್, ಮುಚ್ಚಳ ಸರಿದ ಸಂಪು, ದನದ ಕಲಗಚ್ಚಿನ ಬಾನಿ. ತಲೆಭಾರದ ಕೂಸು ಬಕೆಟ್ಟಿಗೆ ಬಗ್ಗಿ ಬಿದ್ದರೆ ಗೇಣು ನೀರಿದ್ದರೂ ಏಳಲಾರದು. ತಾಯಂದಿರಿಗೆ ಬೇಕಾದರೆ ರಂಗೋಲಿ ಸ್ಪರ್ಧೆಯ ಬಿಡುವಿನಲ್ಲಿ ಒಂದು ಪೈಪೋಟಿ ಇಡಿ: ಐದು ನಿಮಿಷದಲ್ಲಿ ನಿಮ್ಮ ಮನೆಯ ಸುತ್ತ ಗೇಣಿಗಿಂತ ಆಳದ ನೀರು ಎಲ್ಲೆಲ್ಲಿದೆ, ಬರೆಯಿರಿ.

ದೊಡ್ಡವರಿಗೆ ಅರ್ಧ ಗಂಟೆ ಬೇರೆ ಬೇಕು, ಇದು ಆಟವಲ್ಲ. ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು, ಈಚೆಗೆ ವಾಟ್ಸ್ಆ್ಯಪ್ ನೋಡಿ ಉಪ್ಪಿನಲ್ಲಿ ಹೂತಿಡುವುದು, ಎಲ್ಲವೂ ಅಮೂಲ್ಯ ನಿಮಿಷಗಳನ್ನು ನುಂಗುತ್ತವೆ. ಅಂಗಾತ ಮಲಗಿಸಿ, ಕರೆದು ಅಲುಗಿಸಿ, ಹತ್ತು ಸೆಕೆಂಡಿನಲ್ಲಿ ಉಸಿರಾಟ ನೋಡಿ. ಇಲ್ಲದಿದ್ದರೆ ಒಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಇನ್ನೊಬ್ಬರು ಗಲ್ಲ ಎತ್ತಿ, ಮೂಗು ಹಿಡಿದು, ಮೊದಲು ಬಾಯಿಂದ ಉಸಿರು ಕೊಡಲಿ. ಮುಳುಗಿದವರಿಗೆ ಮೊದಲು ಕಡಿಮೆಯಾಗಿರುವುದು ಆಮ್ಲಜನಕ. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಕೈ ಪಳಗಲು ಗೊಂಬೆ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಗ್ನಿಶಾಮಕ ಠಾಣೆಗೂ ಹದಿನೈದು ದಿನ ಮುಂಚೆ ಪತ್ರ ಕೊಟ್ಟು ತೋರಿಸುವವರನ್ನು ಕೇಳಿ.

ಸಂಜೆಯ ವಿಸರ್ಜನೆಗೆ ಮಧ್ಯಾಹ್ನದ ಆಟದ ಸಾಮಾನನ್ನೇ ಒಯ್ಯಿರಿ. ಸೋಪಾನದ ಎರಡೂ ಪಕ್ಕ ಒಂದೊಂದು ಕ್ಯಾನ್, ಒಂದು ಗಳ, ಅವುಗಳ ಹತ್ತಿರ ಬೇರೇನೂ ಕೆಲಸವಿಲ್ಲದೆ ನೀರನ್ನೇ ನೋಡುತ್ತ ನಿಲ್ಲುವ ಇಬ್ಬರು. ತಮಟೆ, ಡಿಜೆ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಕಣ್ಣೇ ಗತಿ. ನೀರಿಗೆ ಇಳಿಯುವವರು ನಾಲ್ವರೇ ಇರಲಿ: ಚೆನ್ನಾಗಿ ಈಜು ಬರುವವರು, ಕುಡಿಯದವರು, ಪಂಚೆ ಬಿಟ್ಟು ಚಡ್ಡಿ ತೊಟ್ಟವರು. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡು ಈಜುವವರನ್ನೂ ಮುಳುಗಿಸಿದೆ. ಅವರ ಹೆಸರು ಮೊದಲೇ ಬರೆದಿಡಿ, ಕೊನೆಯ ಗಳಿಗೆಯ ಹುರುಪಿಗೆ ಇಳಿಯುವ ಐದನೆಯವನೇ ತೊಂದರೆ. ಮಕ್ಕಳು ನೀರಿನಿಂದ ಹತ್ತು ಮೀಟರ್ ಹಿಂದೆ, ಅಡ್ಡ ಕಟ್ಟಿದ ಹಗ್ಗದ ಆಚೆ ಇರಲಿ. ಕತ್ತಲಾಗುವ ಮುಂಚೆ ಮುಗಿಸಿ.

ಬಹುಮಾನಕ್ಕೆ ಸ್ಟೀಲ್ ಡಬ್ಬಿ ಕೊಡುವುದು ನಿಮ್ಮಿಷ್ಟ. ಆರು ಕ್ಯಾನ್‌ಗಳನ್ನು ಮಾತ್ರ ಸಂಘದ ಕೋಣೆಗೆ ಸೇರಿಸಬೇಡಿ. ಎರಡು ಕೆರೆಯ ಸೋಪಾನದ ಹತ್ತಿರ, ಒಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಎರಡು ನಾಲೆಯ ಸೇತುವೆಯ ಎರಡು ಬದಿಗೆ, ಒಂದು ಶಾಲೆಗೆ ಹತ್ತಿರದ ಕೃಷಿ ಹೊಂಡಕ್ಕೆ. ಕಂಬ ನೆಟ್ಟು, ಮಗುವಿನ ಕೈಗೆಟಕುವ ಮೂರಡಿ ಎತ್ತರದಲ್ಲಿ ಮೊಳೆಗೆ ನೇತುಹಾಕಿ. ಬೀಗ ಬೇಡ, ಬಿಗಿ ಗಂಟೂ ಬೇಡ. ಕಳುವಾಗಬಹುದು, ಕ್ಯಾನಿನ ತಳ ಕೆಂಪು ಬಣ್ಣ ಬಳಿದರೆ ಎಣ್ಣೆ ತುಂಬಲು ಯಾರೂ ಒಯ್ಯುವುದಿಲ್ಲ. ಬಿಸಿಲಿಗೆ ಈ ಹಗ್ಗ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬೆರಳಲ್ಲಿ ತಿಕ್ಕಿದಾಗ ಬಿಳಿ ಪುಡಿ ಉದುರಿದರೆ ಹಗ್ಗ ಬದಲಿಸುವ ಕಾಲ ಬಂತು ಎಂದರ್ಥ. ಮುಂದಿನ ವರ್ಷದ ಚಂದಾ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಈಗಲೇ ಬರೆದಿಡಿ.